ಸೋತ ಯುದ್ಧಕ್ಕೆ ಯಾಕೆ ರಜೆ?

ಬ್ಯೂನಸ್ ಐರಿಸ್
ಏಪ್ರಿಲ್ ಮೊದಲ ವಾರ

ಪ್ರೀತಿಯ ಅಪ್ಪನಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಸ್ವಲ್ಪ ಇಳಿದಿದೆ ಅಂತ ಅಣ್ಣ ಹೇಳಿದ. ಇಳಿದಿದೆ ಅಂತ ಮತ್ತೆ ಅಟ್ಟ ಹತ್ತುವುದಕ್ಕೆ ಬಿಡಬೇಡಿ.

ಮೊನ್ನೆ ಫೋನಿನಲ್ಲಿ ಏಪ್ರಿಲ್ 2ಕ್ಕೆ ನಮಗೆ ಯಾಕೆ ರಜೆ ಅಂತ ಕೇಳಿದಿರಿ. 1982ರಲ್ಲಿ ಅರ್ಜೆಂಟೀನಾ ಬ್ರಿಟನ್ ಜೊತೆ ಮಾಡಿದ ಮಾಲ್ವಿನಾಸ್ ದ್ವೀಪಗಳ ಯುದ್ಧದ ದಿನ ಅಂದೆ. "ಅದರಲ್ಲಿ ಇವರು ಸೋತರಲ್ಲಮ್ಮ, ಸೋತಿದ್ದಕ್ಕೂ ಯಾರಾದರೂ ರಜೆ ಕೊಡ್ತಾರಾ?" ಅಂತ ನಕ್ಕಿರಿ. ಅಷ್ಟರಲ್ಲಿ ಲೈನ್ ಕಟ್ ಆಯಿತು. ಫೋನಿನಲ್ಲಿ ಹೇಳಿ ಮುಗಿಸುವಂಥದ್ದೂ ಅಲ್ಲ ಬಿಡಿ. ಅದಕ್ಕೇ ಬರೆಯಲು ಕೂತೆ.

ನಮ್ಮ ಪೇಪರುಗಳಲ್ಲಿ ಅದು ಫಾಕ್‌ಲ್ಯಾಂಡ್. ಇಲ್ಲಿ ಆ ಹೆಸರು ಎತ್ತಿದರೆ ಎದುರಿನವರ ಮುಖ ಗಂಟಾಗುತ್ತದೆ. 1833ರಲ್ಲಿ ಬ್ರಿಟಿಷರು ಬಂದು ಕಿತ್ತುಕೊಂಡ ದ್ವೀಪಗಳು, ನಮ್ಮವು, ಅಷ್ಟೇ. ಸಿಟಿ ಬಸ್ಸಿನ ಮೇಲೆ ಬರೆದಿದೆ, ಐವತ್ತು ಪೆಸೊ ನೋಟಿನ ಮೇಲೆ ದ್ವೀಪಗಳ ಭೂಪಟ ಹಾಕಿದರು, ನಿಮ್ಮ ಮೊಮ್ಮಗ ಶಾಲೆಯಲ್ಲಿ ಬಣ್ಣ ತುಂಬಿ ತಂದದ್ದೂ ಅದೇ ಭೂಪಟ.

1982ರಲ್ಲಿ ಇಲ್ಲಿ ಮಿಲಿಟರಿ ಸರ್ಕಾರ. ಅಧ್ಯಕ್ಷ ಜನರಲ್ ಗಾಲ್ಟಿಯೆರಿ. ಬೆಲೆ ಗಗನಕ್ಕೆ ಏರಿತ್ತು, ಸಾವಿರಾರು ಜನರನ್ನು ಸರ್ಕಾರವೇ ಹೊತ್ತೊಯ್ದು ಕಣ್ಮರೆ ಮಾಡಿತ್ತು. ಮಾರ್ಚ್ 30ಕ್ಕೆ ಕಾರ್ಮಿಕ ಸಂಘದವರು ಅನ್ನ ಕೊಡಿ, ಕೆಲಸ ಕೊಡಿ ಅಂತ ಪ್ಲಾಸಾ ಡಿ ಮಾಯೊ ಕಡೆಗೆ ಮೆರವಣಿಗೆ ಹೊರಟರು. ಅದು ಅಧ್ಯಕ್ಷರ ಅರಮನೆ ಎದುರಿನ ಮೈದಾನ. ಪೊಲೀಸರು ಹಿಡಿದು ಬಡಿದರು. ಮೂರೇ ದಿನ ಕಳೆದು ಏಪ್ರಿಲ್ 2ಕ್ಕೆ ಸೈನ್ಯ ದ್ವೀಪದಲ್ಲಿ ಇಳಿಯಿತು. ಅದೇ ಮೈದಾನ ತುಂಬಿ ತುಳುಕಿತು. ಏಟು ತಿಂದ ಜನರೇ ಬಾಲ್ಕನಿಯಲ್ಲಿ ನಿಂತ ಗಾಲ್ಟಿಯೆರಿಗೆ ಜೈಕಾರ ಹಾಕಿದರು. ಇದನ್ನು ಇಲ್ಲಿನ ವಯಸ್ಸಾದವರು ಹೇಳುವಾಗ ಸ್ವಲ್ಪ ದನಿ ತಗ್ಗಿಸುತ್ತಾರೆ.

ಜನರಲ್‌ಗಳ ಲೆಕ್ಕಾಚಾರ ಕೇಳಿದರೆ ನಿಮಗೆ ನಮ್ಮೂರಿನ ಜಮೀನು ಜಗಳ ನೆನಪಾಗುತ್ತದೆ. ರಾತ್ರೋರಾತ್ರಿ ಬೇಲಿ ಸರಿಸಿಬಿಡೋಣ, ಬೆಳಗ್ಗೆ ಪಂಚಾಯ್ತಿ ಸೇರಿದಾಗ ಮಾತಾಡೋಣ. ಇಳಿದು, ಬಾವುಟ ಹಾರಿಸಿ, ಒಂದಿಷ್ಟು ಸೈನಿಕರನ್ನು ಬಿಟ್ಟು ವಾಪಸ್ ಬರೋದು, ಆಮೇಲೆ ವಿಶ್ವಸಂಸ್ಥೆಯಲ್ಲಿ ಮಾತುಕತೆ. ಬ್ರಿಟನ್ ಅಷ್ಟು ದೂರದಿಂದ ಬರುವುದಿಲ್ಲ, ಅಮೆರಿಕ ನಡುವೆ ನಿಲ್ಲುತ್ತದೆ. ಎರಡೂ ಸುಳ್ಳಾದವು. ಹೊರಡಬೇಕೆಂದಿದ್ದದ್ದೂ ಇನ್ನೂ ತಡವಾಗಿ. ಬ್ರಿಟನ್ ಕೈಲಿದ್ದ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಗುಜರಿ ಕಬ್ಬಿಣ ಬಿಚ್ಚಲು ಹೋದ ಇಲ್ಲಿಯವರು ಅರ್ಜೆಂಟೀನಾ ಬಾವುಟ ಏರಿಸಿ ಗಲಾಟೆಯಾಯಿತು, ಇವರು ಅವಸರಪಟ್ಟರು. ಏಪ್ರಿಲ್ 3ಕ್ಕೆ ಭದ್ರತಾ ಮಂಡಳಿಯ 502ನೇ ನಿರ್ಣಯ, ಸೈನ್ಯ ಹಿಂತೆಗೆಯಿರಿ ಅಂತ. ವಿರೋಧಿಸಿ ಮತ ಹಾಕಿದ್ದು ಪನಾಮಾ ಒಂದೇ.

ಲಂಡನ್ನಿನಲ್ಲಿ ಏಪ್ರಿಲ್ 5ಕ್ಕೇ ವಿದೇಶಾಂಗ ಮಂತ್ರಿ ಕ್ಯಾರಿಂಗ್ಟನ್ ರಾಜೀನಾಮೆ ಕೊಟ್ಟರು. ನಮ್ಮ ಇಲಾಖೆಗೆ ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ ಅಂತ. ಆ ಮರ್ಯಾದೆ ಇಲ್ಲಿ ಯಾರಿಗೂ ಇರಲಿಲ್ಲ.

ದ್ವೀಪದ ಏರ್‌ಪೋರ್ಟಿನ ರನ್‌ವೇ ಫೈಟರ್ ವಿಮಾನಗಳಿಗೆ ಸಾಲುತ್ತಿರಲಿಲ್ಲ, ಅದನ್ನು ಉದ್ದ ಮಾಡಲೇ ಇಲ್ಲ. ಪೈಲಟ್‌ಗಳು ಇಲ್ಲಿಯ ನೆಲದಿಂದಲೇ ಹಾರಿ ಹೋಗಬೇಕು, ಅಲ್ಲಿ ಕೆಲವೇ ನಿಮಿಷ ಸುತ್ತಿ ಇಂಧನ ಮುಗಿಯುವ ಮೊದಲು ಮರಳಬೇಕು. ಹಾಗಿದ್ದೂ ಅವರು ಬ್ರಿಟಿಷ್ ಹಡಗುಗಳನ್ನು ಮುಳುಗಿಸಿದರು. ಅವರ ಧೈರ್ಯವನ್ನು ಬ್ರಿಟಿಷರೂ ಹೊಗಳುತ್ತಾರೆ. ಆದರೆ ಹಾಕಿದ ಎಷ್ಟೋ ಬಾಂಬು ಸಿಡಿಯಲೇ ಇಲ್ಲ. ವಿಮಾನದಿಂದ ಹಾರಿಸುವ ಎಕ್ಸೊಸೆಟ್ ಕ್ಷಿಪಣಿ ಇದ್ದದ್ದು ಬರೀ ಐದು. ಚಳಿಗೆ, ಬೆಟ್ಟಕ್ಕೆ ಪಳಗಿದ ಒಳ್ಳೆಯ ಪಡೆಗಳನ್ನು ಚಿಲಿ ಬಂದೀತು ಅಂತ ಆ ಗಡಿಯಲ್ಲೇ ಇಟ್ಟುಕೊಂಡರು. ದ್ವೀಪಕ್ಕೆ ಕಳಿಸಿದ್ದು ಹತ್ತೊಂಬತ್ತು, ಇಪ್ಪತ್ತರ ಹುಡುಗರನ್ನು. ಕಡ್ಡಾಯ ಸೇವೆಗೆ ಬಂದವರು. ಉತ್ತರದ ಸೆಕೆ ನಾಡಿನಿಂದ ಬಂದವರು ಬಹಳ.

ನಮ್ಮ ಕಟ್ಟಡ ನೋಡಿಕೊಳ್ಳುವವರು ಅವರಲ್ಲಿ ಒಬ್ಬರು. ಗೇಟು, ಕಸ, ನೀರಿನ ಪಂಪು ಎಲ್ಲ ಅವರದೇ ಉಸ್ತುವಾರಿ. ಉತ್ತರದ ಕೊರಿಯೆಂಟೆಸ್ ಕಡೆಯವರು. ನಾನು ಇಲ್ಲಿಗೆ ಬಂದು ಎಷ್ಟೋ ಕಾಲ ಆದಮೇಲೆ, ಒಂದು ಏಪ್ರಿಲ್ 2ರ ಬೆಳಗ್ಗೆ ಕೋಟಿಗೆ ಪದಕ ಸಿಕ್ಕಿಸಿಕೊಂಡು ಹೊರಟಿದ್ದನ್ನು ನೋಡಿದಾಗಲೇ ಗೊತ್ತಾದದ್ದು. ನಾನು ಭಾರತದವಳು ಅಂತ ಗೂರ್ಖಾಗಳ ಬಗ್ಗೆ ಕೇಳಿದರು. ಬ್ರಿಟಿಷರ ಜೊತೆ ಗೂರ್ಖಾ ಪಡೆ ಬಂದಿದೆ, ಕುತ್ತಿಗೆ ಕತ್ತರಿಸುತ್ತಾರೆ ಅಂತ ಹುಡುಗರು ಬಂಕರಿನಲ್ಲಿ ನಡುಗಿದ್ದರಂತೆ. ನಿಜ ನೋಡಿದರೆ ಗೂರ್ಖಾಗಳು ಕಾದಾಡಿದ್ದು ಬಹಳ ಕಡಿಮೆ. ನಮ್ಮ ಕಟ್ಟಡದವರು ಜಾಸ್ತಿ ಹೇಳಿದ್ದು ಹಸಿವಿನ ಮಾತು. ಊರಿನ ಗೋದಾಮಿನಲ್ಲಿ ಊಟದ ಡಬ್ಬಿಗಳಿದ್ದವು, ಬೆಟ್ಟದ ಮೇಲಿನವರಿಗೆ ತಲುಪುತ್ತಿರಲಿಲ್ಲ. ಕುರಿ ಕೊಂದು ತಿಂದ ಹುಡುಗರನ್ನು ಅವರದೇ ಅಧಿಕಾರಿಗಳು ಗೂಟಕ್ಕೆ ಕೈಕಾಲು ಕಟ್ಟಿ ಹಿಮದ ನೆಲದ ಮೇಲೆ ಮಲಗಿಸುತ್ತಿದ್ದರು. ಆ ಕೇಸು ಕೋರ್ಟು ಹತ್ತಿದ್ದೇ 2007ರಲ್ಲಿ.

ಯುದ್ಧ ನಿಲ್ಲಿಸಲು ಆಗುತ್ತಿರಲಿಲ್ಲವೇ ಅಂತ ನೀವು ಕೇಳುತ್ತೀರಿ, ಗೊತ್ತು. ಆಗುತ್ತಿತ್ತು ಅಂತಲೇ ನನಗೆ ಅನಿಸುತ್ತದೆ. ಅಮೆರಿಕದ ವಿದೇಶಾಂಗ ಮಂತ್ರಿ ಹೇಗ್ ಲಂಡನ್ನಿಗೂ ಇಲ್ಲಿಗೂ ಓಡಾಡಿದರು. ಇಲ್ಲಿ ಯಾರ ಜೊತೆ ಮಾತಾಡುವುದು ಅನ್ನೋದೇ ಅವರಿಗೆ ತಲೆನೋವು. ಭೂಸೇನೆಗೆ ಗಾಲ್ಟಿಯೆರಿ, ನೌಕಾಸೇನೆಗೆ ಅನಾಯಾ, ವಾಯುಸೇನೆಗೆ ಲಾಮಿ ದೋಸೊ. ಒಬ್ಬರು ಹೂಂ ಅಂದಿದ್ದನ್ನು ಇನ್ನೊಬ್ಬರು ಊಹೂಂ ಅನ್ನುತ್ತಿದ್ದರು. ಮೈದಾನದ ಜೈಕಾರ ಬೇರೆ. ಅಷ್ಟು ಜನರ ಮುಂದೆ ಬನ್ನಿ ನೋಡೋಣ ಅಂತ ಸವಾಲು ಹಾಕಿದ ಮೇಲೆ ಹಿಂದೆ ಸರಿಯೋದು ಹೇಗೆ? ಏಪ್ರಿಲ್ 30ಕ್ಕೆ ಅಮೆರಿಕ ಕೈಬಿಟ್ಟು ಬ್ರಿಟನ್ ಪರ ನಿಂತಿತು. ಮೇ 2ಕ್ಕೆ ಪೆರು ದೇಶದ ಅಧ್ಯಕ್ಷ ಬೆಲಾಂಡೆ ಒಂದು ಸಂಧಾನ ತಂದರು: ಗುಂಡು ನಿಲ್ಲಲಿ, ಎರಡೂ ಸೈನ್ಯ ಹೊರಡಲಿ, ಬೇರೆ ದೇಶಗಳು ಸದ್ಯಕ್ಕೆ ದ್ವೀಪ ನೋಡಿಕೊಳ್ಳಲಿ. ಅದೇ ಸಂಜೆ ಬ್ರಿಟಿಷ್ ಸಬ್‌ಮರೀನ್ ಅರ್ಜೆಂಟೀನಾದ 'ಜನರಲ್ ಬೆಲ್ಗ್ರಾನೊ' ಯುದ್ಧಹಡಗನ್ನು ಮುಳುಗಿಸಿತು. ಬ್ರಿಟನ್ನೇ ಹಾಕಿದ್ದ ನಿಷೇಧ ವಲಯದ ಹೊರಗೆ ಇತ್ತು ಆ ಹಡಗು. 323 ಜನ ಹೋದರು. ಈ ದೇಶದ ಒಟ್ಟು 649 ಸಾವಿನಲ್ಲಿ ಹೆಚ್ಚುಕಡಿಮೆ ಅರ್ಧ. ಬ್ರಿಟಿಷರ ಕಡೆ ಒಟ್ಟು ಸತ್ತದ್ದು 255. ಬೆಲ್ಗ್ರಾನೊ ಮುಳುಗಿದ ಮೇಲೆ ಪೆರುವಿನ ಕಾಗದ ಯಾರಿಗೆ ಬೇಕು? ವಿಶ್ವಸಂಸ್ಥೆಯವರೂ ಮೇ ಮೂರನೇ ವಾರದವರೆಗೆ ಒದ್ದಾಡಿ ಬಿಟ್ಟರು.

ಇಷ್ಟಾದರೂ ಇಲ್ಲಿಯ ಒಂದು ಪತ್ರಿಕೆಯ ಮುಖಪುಟದಲ್ಲಿ 'ನಾವು ಗೆಲ್ಲುತ್ತಿದ್ದೇವೆ' ಅಂತಲೇ ಬಂದಿತ್ತು. ಜೂನ್ 14ಕ್ಕೆ ಶರಣಾಗತಿ. ಮಾರನೇ ದಿನ ಮೈದಾನ ಮತ್ತೆ ತುಂಬಿತು, ಈ ಸಲ ಬೈಯುವುದಕ್ಕೆ. ಪೊಲೀಸರು ಅಶ್ರುವಾಯು ಬಿಟ್ಟರು. ಜೂನ್ 17ಕ್ಕೆ ಗಾಲ್ಟಿಯೆರಿಯನ್ನು ಅವರ ಜನರಲ್‌ಗಳೇ ಇಳಿಸಿದರು.

ಸೆರೆಯಾದ ಹುಡುಗರನ್ನು ಬ್ರಿಟಿಷರ ಕ್ಯಾನ್‌ಬೆರಾ ಹಡಗೇ ಜೂನ್ 19ಕ್ಕೆ ಪೋರ್ಟೊ ಮಾದ್ರಿನ್ ಅನ್ನುವ ಊರಿಗೆ ತಂದು ಇಳಿಸಿತು. ಸೈನ್ಯಕ್ಕೆ ಅವರನ್ನು ಯಾರೂ ನೋಡಬಾರದು ಅಂತ ಇತ್ತು. ಊರಿನ ಜನ ಬಿಡಲಿಲ್ಲ. ಕಾವಲು ದಾಟಿ ಹೋಗಿ, ಮನೆಗೆ ಕರೆದು, ಇದ್ದ ಬ್ರೆಡ್ಡನ್ನೆಲ್ಲ ಕೊಟ್ಟರು. ಮಾದ್ರಿನ್‌ನಲ್ಲಿ ಬ್ರೆಡ್ಡು ಖಾಲಿಯಾದ ದಿನ ಅಂತಲೇ ಅದಕ್ಕೆ ಹೆಸರು. ಮುಂದೆ ಬ್ಯಾರಕ್ಕಿನಲ್ಲಿ, ದ್ವೀಪದಲ್ಲಿ ನಡೆದದ್ದನ್ನು ಯಾರಿಗೂ ಹೇಳುವುದಿಲ್ಲ ಅಂತ ಸಹಿ ಹಾಕಿಸಿಕೊಂಡು ಮನೆಗೆ ಕಳಿಸಿದರು. ನಮ್ಮ ಕಟ್ಟಡದವರೂ ಹಾಕಿದ್ದಾರೆ. ಕೆಲಸ ಕೇಳಲು ಹೋದಲ್ಲೆಲ್ಲ ಮಾಲ್ವಿನಾಸ್‌ಗೆ ಹೋದವನು ಅಂದರೆ ತಲೆ ಸರಿಯಿಲ್ಲ ಅಂತ ವಾಪಸ್ ಕಳಿಸುತ್ತಿದ್ದರಂತೆ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಚಿಕ್ಕಪ್ಪ. 1990ರಲ್ಲಿ ಜಾಫ್ನಾದಿಂದ ಬಂದ ಮೇಲೆ ಅವರು ಶ್ರೀಲಂಕಾ ಅನ್ನೋ ಮಾತನ್ನೇ ಮನೆಯಲ್ಲಿ ಎತ್ತಲಿಲ್ಲ ಅಲ್ವಾ? ಶಾಂತಿಪಡೆ ಅಂತ ಹೋಗಿ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು ಬಂದರೆ, ಮದ್ರಾಸಿನಲ್ಲಿ ಮುಖ್ಯಮಂತ್ರಿ ಸ್ವಾಗತಕ್ಕೂ ಹೋಗಲಿಲ್ಲ. ನಮ್ಮದನ್ನೂ ಯಾರು ಯೋಚನೆ ಮಾಡಿ ಕಳಿಸಿದ್ದರು ಅಂತ ನಾವು ಕೇಳಿದೆವಾ? ಇಲ್ಲಿಯವರು ಕೇಳಿದರು. ನನಗೆ ಇವರ ಮೇಲೆ ಗೌರವ ಬರುವುದು ಅದಕ್ಕೇ.

ಜನರಲ್ ರಾಟೆನ್‌ಬಾಕ್ ನೇತೃತ್ವದ ತನಿಖೆ 1983ರಲ್ಲೇ ಎಲ್ಲ ತಪ್ಪು ಬರೆದಿಟ್ಟಿತು. ಅದನ್ನು ಸರ್ಕಾರ ಪೂರ್ತಿ ಬಿಚ್ಚಿದ್ದು 2012ರಲ್ಲಿ, ಅದು ಬೇರೆ ಮಾತು. 1983ರ ಅಕ್ಟೋಬರ್ 30ಕ್ಕೆ ಚುನಾವಣೆ. ಗೆದ್ದವರು ಅಲ್ಫೊನ್ಸಿನ್. 1982ರಲ್ಲಿ ಮಿಲಿಟರಿ ಸರ್ಕಾರ ದ್ವೀಪಕ್ಕೆ ನೇಮಿಸಿದ ಗವರ್ನರ್ ಪ್ರಮಾಣವಚನ ನೋಡಲು ಪಕ್ಷದವರು, ಸಂಘದವರು ಎಲ್ಲ ವಿಮಾನ ಹತ್ತಿದಾಗ ಹೋಗದೆ ಉಳಿದವರು ಅವರು. ಜನರಲ್‌ಗಳನ್ನು ಸಿವಿಲ್ ಕೋರ್ಟಿಗೆ ಎಳೆದರು. ತಮಾಷೆ ನೋಡಿ, ಜನರನ್ನು ಕಣ್ಮರೆ ಮಾಡಿದ್ದರ ಬಗ್ಗೆ ನಡೆದ 1985ರ ದೊಡ್ಡ ವಿಚಾರಣೆಯಲ್ಲಿ ಗಾಲ್ಟಿಯೆರಿ ಖುಲಾಸೆ. ಮರುವರ್ಷ ಯುದ್ಧವನ್ನು ಕೆಡಿಸಿದ್ದಕ್ಕೆ ಮಿಲಿಟರಿ ಕೋರ್ಟೇ 12 ವರ್ಷ ಕೊಟ್ಟಿತು. 1989ರಲ್ಲಿ ಮುಂದಿನ ಅಧ್ಯಕ್ಷ ಮೆನೆಮ್ ಕ್ಷಮೆ ಕೊಟ್ಟು ಬಿಡಿಸಿದರು. ಅತ್ತ ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ಅದೇ 1983ರಲ್ಲಿ ಭಾರಿ ಬಹುಮತದಿಂದ ಮತ್ತೆ ಗೆದ್ದಿದ್ದರು.

ಶಾಂತಿ ಒಪ್ಪಂದ ಅಂತ ಒಂದು ಆಗಲೇ ಇಲ್ಲ ಅಪ್ಪ. 1984ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಎರಡೂ ಕಡೆಯವರು ಮಾತಿಗೆ ಕೂತರು, ದ್ವೀಪ ಯಾರದು ಅನ್ನೋ ಮಾತಿಗೇ ಮುರಿದುಬಿತ್ತು. 1989-90ರಲ್ಲಿ ಮ್ಯಾಡ್ರಿಡ್‌ನಲ್ಲಿ ಒಂದು ಉಪಾಯ ಮಾಡಿದರು. ಹಕ್ಕಿನ ವಿಷಯ ಇಬ್ಬರೂ ಬಿಟ್ಟುಕೊಟ್ಟಿಲ್ಲ, ಇಬ್ಬರೂ ಒಪ್ಪಿಲ್ಲ, ಅದನ್ನು ಪಕ್ಕಕ್ಕಿಟ್ಟು ಮೀನು, ವಿಮಾನ, ರಾಯಭಾರಿಗಳ ಮಾತಾಡೋಣ ಅಂತ. ಇವತ್ತಿಗೂ ಅದರಲ್ಲೇ ನಡೆದಿದೆ. 2013ರಲ್ಲಿ ದ್ವೀಪದವರನ್ನೇ ಕೇಳಿದರು. ಬ್ರಿಟನ್ ಜೊತೆ ಇರುತ್ತೇವೆ ಅಂದವರು 1,513, ಬೇಡ ಅಂದವರು 3. ಇಲ್ಲಿಯವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಿಲಿ ಜೊತೆಗಿನ, ದಕ್ಷಿಣ ತುದಿಯ ಬೀಗಲ್ ಕಾಲುವೆಯ ದ್ವೀಪಗಳ ಜಗಳ ಮಾತ್ರ ಮುಗಿಯಿತು. ಅದಕ್ಕೂ 1978ರಲ್ಲಿ ಇವರು ಯುದ್ಧದ ಅಂಚಿಗೆ ಹೋಗಿದ್ದರು. ಪೋಪ್ ಮಧ್ಯಸ್ಥಿಕೆ, ಆಮೇಲೆ ಅಲ್ಫೊನ್ಸಿನ್ 1984ರಲ್ಲಿ ಜನರನ್ನೇ ಕೇಳಿದರು, ನೂರಕ್ಕೆ ಎಂಬತ್ತರ ಮೇಲೆ ಒಪ್ಪಿದರು. ಮೂರು ದ್ವೀಪ ಚಿಲಿಗೆ ಹೋದವು. ಅದಕ್ಕಾಗಿ ಇಲ್ಲಿ ಯಾರೂ ಅಳುವುದನ್ನು ನಾನು ಕಂಡಿಲ್ಲ.

ರಜೆಯ ವಿಷಯ. ಈ ದಿನವನ್ನು ಮೊದಲು ಹಬ್ಬ ಮಾಡಿದ್ದು ಆ ಮಿಲಿಟರಿ ಸರ್ಕಾರವೇ. ಅಲ್ಫೊನ್ಸಿನ್ ಬಂದು ರಜೆಯನ್ನು ಜೂನ್ 10ಕ್ಕೆ ಸರಿಸಿದರು. 2000ದಲ್ಲಿ ಮತ್ತೆ ಏಪ್ರಿಲ್ 2ಕ್ಕೆ ತಂದಾಗ ಅದು ಹೋರಾಡಿದ ಸೈನಿಕರ ಮತ್ತು ಸತ್ತವರ ದಿನ ಆಯಿತು. ರಜೆ ಆ ಹುಡುಗರಿಗೆ, ಯುದ್ಧಕ್ಕಲ್ಲ. ಸರ್ಕಾರ ಕಣ್ಮರೆ ಮಾಡಿದ ಮಕ್ಕಳ ತಾಯಂದಿರು ಯುದ್ಧದ ಕಾಲದಲ್ಲೇ ಒಂದು ಬರಹ ಹಿಡಿದು ಅದೇ ಮೈದಾನದಲ್ಲಿ ನಿಂತಿದ್ದರಂತೆ: ಮಾಲ್ವಿನಾಸ್ ಅರ್ಜೆಂಟೀನಾದ್ದು, ಕಣ್ಮರೆಯಾದವರೂ ಅರ್ಜೆಂಟೀನಾದವರೇ. ಎರಡನ್ನೂ ಒಟ್ಟಿಗೆ ಹೇಳುವುದು ಇವರಿಗೆ ಕಷ್ಟವೇ ಅಲ್ಲ. ನನಗೆ ಮೊದಮೊದಲು ಅರ್ಥವೇ ಆಗುತ್ತಿರಲಿಲ್ಲ.

ದ್ವೀಪದ ಡಾರ್ವಿನ್ ಸ್ಮಶಾನದಲ್ಲಿ ಹೆಸರಿಲ್ಲದ 121 ಗೋರಿಗಳಿದ್ದವು. ಕಲ್ಲಿನ ಮೇಲೆ 'ದೇವರಿಗಷ್ಟೇ ಗೊತ್ತಿರುವ ಅರ್ಜೆಂಟೀನಾ ಸೈನಿಕ' ಅಂತ. ಅವರನ್ನು 1983ರಲ್ಲಿ ಹೂಳಿಸಿದ್ದು ಕಾರ್ಡೋಸೊ ಎಂಬ ಬ್ರಿಟಿಷ್ ಅಧಿಕಾರಿ. ಎಲ್ಲಿ ಸಿಕ್ಕಿತು, ಮೈಮೇಲೆ ಏನಿತ್ತು ಅಂತ ಒಂದೊಂದನ್ನೂ ಬರೆದಿಟ್ಟಿದ್ದರು. ಆ ಬರಹ ಹಿಡಿದು 2017ರಲ್ಲಿ ರೆಡ್‌ಕ್ರಾಸ್ ಡಿಎನ್‌ಎ ಪರೀಕ್ಷೆ ಮಾಡಿ ಮೊದಲ ಸುತ್ತಿನಲ್ಲೇ 88 ಹೆಸರು ಕಂಡುಹಿಡಿಯಿತು. 2018ರ ಮಾರ್ಚ್‌ನಲ್ಲಿ ಮನೆಯವರು ವಿಮಾನದಲ್ಲಿ ಹೋಗಿ ಬಂದರು. ಎರಡು ಸರ್ಕಾರಗಳು ಸೇರಿ ಮಾಡಿದ ಒಳ್ಳೆ ಕೆಲಸ ಅಂದರೆ ನನಗೆ ಇದೊಂದೇ ಕಾಣುವುದು.

ಈ ಕಾಗದವನ್ನು ಚಿಕ್ಕಪ್ಪನಿಗೂ ಕೊಡಿ. ಅವರಿಗೆ ಮನಸ್ಸಿದ್ದರೆ ಮಾತ್ರ, ಒತ್ತಾಯ ಮಾಡಬೇಡಿ. ನಮ್ಮ ಕಟ್ಟಡದವರು ಭಾರತದ ಸೈನಿಕರಿಗೆ ಪಿಂಚಣಿ ಎಷ್ಟು, ಆಸ್ಪತ್ರೆ ಸೌಕರ್ಯ ಹೇಗೆ ಅಂತ ಕೇಳುತ್ತಿರುತ್ತಾರೆ. ನನಗೆ ಹೇಳಲು ಬರುವುದಿಲ್ಲ, ಚಿಕ್ಕಪ್ಪ ಬರೆದರೆ ನಾನು ಸ್ಪ್ಯಾನಿಷ್‌ನಲ್ಲಿ ಓದಿ ಹೇಳುತ್ತೇನೆ. ಕಟ್ಟಡದವರಿಗೆ ಮುಂದಿನ ವರ್ಷ ನಿವೃತ್ತಿ, ಊರಿಗೆ ಹೋಗಿಬಿಡುತ್ತಾರೆ. ಹಾಗಾಗಿ ಬೇಗ ಬರೆಯಲು ಹೇಳಿ.

ಅಮ್ಮನಿಗೆ ಬೇರೆ ಕಾಗದ ಹಾಕುತ್ತೇನೆ. ಸಾರಿನಪುಡಿ ಮುಗಿಯುತ್ತಾ ಬಂದಿದೆ ಅಂತ ಸದ್ಯಕ್ಕೆ ಹೇಳಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು