ಹೊಲಿಗೆಯ ಕೆಳಗೆ ಬೆಳೆದ ಎಲುಬು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅಪ್ಪನ ಹೊಟ್ಟೆಯ ಹೊಲಿಗೆ ಗುರುತಿನ ಕೆಳಗೆ ಕಲ್ಲಿನಂಥದ್ದು ಕೈಗೆ ಸಿಗುತ್ತಿದೆ, ಕ್ಯಾನ್ಸರ್ ಗಡ್ಡೆಯೇ ಇರಬೇಕು ಅಂತ. ಆ ಭಯ ನನಗೆ ಚೆನ್ನಾಗಿ ಗೊತ್ತು ಕಣೋ.

ನನಗೆ ಅಲ್ಸರ್ ತೂತು ಬಿದ್ದು ಆಪರೇಷನ್ ಆಗಿತ್ತಲ್ಲ, ಎದೆಗೂಡಿನ ಕೆಳಗಿನಿಂದ ಹೊಕ್ಕುಳವರೆಗೆ ಉದ್ದಕ್ಕೆ ಕೊಯ್ದಿದ್ದರು. ಎಂಟು ತಿಂಗಳಾದ ಮೇಲೆ, ಊಟಕ್ಕೆ ನೆಲದ ಮೇಲೆ ಕೂತು ಬಗ್ಗಿದರೆ ಒಳಗಿನಿಂದ ಚುಚ್ಚತೊಡಗಿತು. ಬೆರಳುದ್ದದ ಗಟ್ಟಿ ವಸ್ತು. ಒಳಗೆ ಕತ್ತರಿ ಏನಾದರೂ ಬಿಟ್ಟು ಹೊಲಿದಿದ್ದಾರಾ ಅಂತ ನನ್ನವಳು ಅತ್ತಿದ್ದಳು. ಮೊದಲು ನೋಡಿದ ವೈದ್ಯರು ಹರ್ನಿಯಾ ಅಂದರು. ಸಿಟಿ ಸ್ಕ್ಯಾನ್ ಆದಾಗಲೇ ತಿಳಿದದ್ದು, ಅದು ಎಲುಬು. ಬರೀ ಸುಣ್ಣದಂಶ ಕಟ್ಟಿಕೊಂಡದ್ದಲ್ಲ. ಮೇಲೆ ಗಟ್ಟಿ ಪದರ, ಒಳಗೆ ಮಜ್ಜೆ, ನಿಜವಾದ ಎಲುಬು!

ವೈದ್ಯರು ಇದನ್ನು ಹೆಟೆರೊಟೋಪಿಕ್ ಆಸಿಫಿಕೇಶನ್ ಅನ್ನುತ್ತಾರೆ. ಎಲುಬು ಇರಬಾರದ ಕಡೆ ಎಲುಬು. 1901ರಲ್ಲೇ ಹೊಟ್ಟೆಯ ಗಾಯದ ಕಲೆಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದಾರಂತೆ. ಅಪರೂಪವೇ, ಆದರೆ ಆಗುವುದು ಹೆಚ್ಚಾಗಿ ಗಂಡಸರಿಗೆ, ಉದ್ದ ಕೊಯ್ತದ ಗಾಯದಲ್ಲಿ, ಸಾಮಾನ್ಯವಾಗಿ ಮೊದಲ ವರ್ಷದೊಳಗೆ. ಯಾಕೆ ಅನ್ನುವುದಕ್ಕೆ ಎರಡು ವಾದ ಇದೆ. ಕೊಯ್ಯುವಾಗ ಎದೆಮೂಳೆಯ ತುದಿಯ ಹೊದಿಕೆಯ ಜೀವಕಣಗಳು ಗಾಯದೊಳಗೆ ಬಿದ್ದು ಮೊಳೆಯುತ್ತವೆ ಅನ್ನುವುದು ಒಂದು. ಗಾಯ ಮಾಯಿಸಲು ಬಂದ ಎಳೆಯ ಕಣಗಳೇ ದಾರಿ ಬದಲಿಸಿ ಎಲುಬು ಕಟ್ಟುತ್ತವೆ ಅನ್ನುವುದು ಇನ್ನೊಂದು. ನನಗೆ ಎರಡನೆಯದೇ ಸರಿ ಅನ್ನಿಸುತ್ತೆ, ಯಾಕೆಂದರೆ ಎದೆಮೂಳೆಯಿಂದ ದೂರ, ಕರುಳನ್ನು ಹಿಡಿದಿಡುವ ಪೊರೆಯಲ್ಲೂ ಹೀಗೆ ಎಲುಬು ಬೆಳೆಯುವುದುಂಟು. ಅದು ಇದಕ್ಕಿಂತ ಅಪಾಯದ್ದು. ಕರುಳಿಗೆ ಸುತ್ತಿಕೊಂಡು ದಾರಿಯನ್ನೇ ಕಟ್ಟಿಬಿಡಬಹುದು. ಅಪ್ಪನಿಗೆ ವಾಂತಿ, ಹೊಟ್ಟೆ ಉಬ್ಬರ, ಗಾಳಿಯೂ ಹೋಗದಿರುವುದು ಶುರುವಾದರೆ ಆ ಕ್ಷಣವೇ ಆಸ್ಪತ್ರೆಗೆ ಓಡು.

ಸ್ಕ್ಯಾನ್ ಆಗುವವರೆಗೆ ಎಣ್ಣೆ ಹಚ್ಚಿ ತಿಕ್ಕಿಸಬೇಡ, ಪಟ್ಟು ಹಾಕುವವರ ಹತ್ತಿರ ಕರೆದೊಯ್ಯಬೇಡ. ಕ್ಯಾನ್ಸರ್ ಅಲ್ಲವೇ ಅಲ್ಲ ಅಂತ ನಾನು ಇಲ್ಲಿ ಕೂತು ಹೇಳಲಾರೆ, ಸ್ಕ್ಯಾನ್ ಆಗಲೇಬೇಕು. ಎಲುಬೇ ಆಗಿದ್ದು, ನೋವಿಲ್ಲದಿದ್ದರೆ ಹಾಗೇ ಬಿಡುವವರೂ ಇದ್ದಾರೆ. ನನಗೆ ಚುಚ್ಚುತ್ತಿತ್ತು, ಆದರೂ ಅವಸರ ಮಾಡಲಿಲ್ಲ. ಎಳೆಯದಾಗಿರುವಾಗ ತೆಗೆದರೆ ಮತ್ತೆ ಬೆಳೆಯಬಹುದು ಅಂತ, ಬಲಿಯುವವರೆಗೆ ಕಾಯಿಸಿ ತೆಗೆದರು. ತೆಗೆದದ್ದನ್ನು ಬಯಾಪ್ಸಿಗೆ ಕಳಿಸಿ, ಎಲುಬು ಅಂತಲೇ ವರದಿ ಬಂದ ರಾತ್ರಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಶನಿವಾರ ನಾನೇ ಬರುತ್ತೇನೆ, ಸ್ಕ್ಯಾನಿಗೆ ಜೊತೆಯಲ್ಲೇ ಹೋಗೋಣ. ಹಳೆಯ ಡಿಸ್ಚಾರ್ಜ್ ಕಾಗದ ಹುಡುಕಿಡು, ಎಲ್ಲಿಂದ ಎಲ್ಲಿಗೆ ಕೊಯ್ದಿದ್ದರು ಅನ್ನುವುದು ಅದರಲ್ಲಿರುತ್ತದೆ. ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ