ಇರುತ್ತವೋ ಇಲ್ಲವೋ ಎಂದು ಬರೆದಿದ್ದೀಯಲ್ಲ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸಿಂಗಳೀಕ ಕೋತಿಗಳ ಅಧ್ಯಯನಕ್ಕೆಂದು ಕಾಡಿಗೆ ಹೋದ ನೀನು ಬರೆದ ಪತ್ರದಲ್ಲಿ ಉಳಿದುದೆಲ್ಲ ಸರಿ. ಕೊನೆಯಲ್ಲಿ, ‘ಈ ಸಿಂಗಳೀಕಗಳನ್ನು ನಾನು ಅರಿತುಕೊಳ್ಳುವ ಹೊತ್ತಿಗೆ ಇವು ಇರುತ್ತವೋ ಇಲ್ಲವೋ’ ಎಂದು ಬರೆದು ಸಹಿ ಹಾಕಿದ್ದೀಯಲ್ಲ, ಅದೊಂದು ಮಾತು ನನ್ನನ್ನು ಬಿಡುತ್ತಿಲ್ಲ.

ಕಾಡಿನಲ್ಲಿ ಚಿಂಪಾಂಜಿಗಳ ಅಧ್ಯಯನ ಮಾಡಿದ ಜೇನ್ ಗುಡಾಲ್ ಅವರ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಬೆಳೆದವಳು ನೀನು. ಚಿಂಪಾಂಜಿ ಹುಲ್ಲುಕಡ್ಡಿಯಿಂದ ಗೆದ್ದಲು ಹಿಡಿದ ಕಥೆ ನಿನಗೆ ಹೇಳಬೇಕಿಲ್ಲ. ನನಗೆ ನೆನಪಾಗುವುದು 1986ರಲ್ಲಿ ಶಿಕಾಗೋದಲ್ಲಿ ನಡೆದ ಚಿಂಪಾಂಜಿ ಸಂಶೋಧಕರ ಸಮ್ಮೇಳನ. ಆಫ್ರಿಕಾದ ಬೇರೆ ಬೇರೆ ಕಡೆಯಿಂದ ಬಂದವರೆಲ್ಲ ಕಾಡು ಹೋಗುತ್ತಿದೆ, ಚಿಂಪಾಂಜಿಗಳು ಹೋಗುತ್ತಿವೆ ಎಂದೇ ಹೇಳಿದರು. ವಿಜ್ಞಾನಿಯಾಗಿ ಒಳಹೋದ ಗುಡಾಲ್ ಹೋರಾಟಗಾರ್ತಿಯಾಗಿ ಹೊರಬಂದರು. ಅವರು ತಾಂಜಾನಿಯಾದ ಗೊಂಬೆ ಎಂಬ ಕಾಡಿಗೆ ಚಿಂಪಾಂಜಿಗಳನ್ನು ನೋಡಲು ಹೋದದ್ದು 1960ರಲ್ಲಿ. ನಿನ್ನ ಈ ಹೆದರಿಕೆ ಅವರನ್ನು ಅಲುಗಿಸಿದ್ದು 26 ವರ್ಷಗಳ ನಂತರ. ನಿನಗೆ ಮೊದಲ ಮಳೆಗಾಲಕ್ಕೇ ಬಂದಿದೆ. ಕಾಲವೇ ಹಾಗಿದೆಯೋ ಏನೋ.

ನಮ್ಮ ತವರಿನ ಆಚೆ ಗುಡ್ಡದಲ್ಲಿ ಒಂದು ಕಾನು ಇತ್ತು. ಕಡಿದು ಅಕೇಶಿಯಾ ನೆಟ್ಟರು. ನನಗೆ ಸಸ್ಯಶಾಸ್ತ್ರ ಓದುವ ಆಸೆಯಿತ್ತು. ಪಿಯುಸಿ ಮುಗಿಯುತ್ತಲೇ ಮದುವೆ ಮಾಡಿದರು. ಅಲ್ಲಿನ ಮರಗಳ ಹೆಸರು ನಿನ್ನ ಅಜ್ಜಿಗೆ ಗೊತ್ತಿತ್ತು, ಅವಳೂ ಹೋದಳು. ಏನೇನು ಹೋಯಿತೆಂದು ಹೇಳಲೂ ಬಾರದಂತಾಯಿತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಕಂಡದ್ದನ್ನು ಬರೆದಿಡು ಎನ್ನೋಣವೆಂದರೆ, ಹೋಗುವವರ ಲೆಕ್ಕ ಬರೆ ಎಂದಂತಾಗುತ್ತದೆ. ನಿನ್ನ ಹೆದರಿಕೆಗೆ ಇದು ಉತ್ತರವಲ್ಲ, ಬಿಡು.

ಇರುತ್ತವೋ ಇಲ್ಲವೋ. ಗೊಂಬೆಯ ಉದ್ಯಾನದ ಸುತ್ತಲೂ ಗುಡ್ಡಗಳು ಬೋಳಾಗಿದ್ದವು. 1994ರಲ್ಲಿ ಗುಡಾಲ್ ಅವರ ಸಂಸ್ಥೆ ಸುತ್ತಲಿನ ಹಳ್ಳಿಗಳಲ್ಲಿ ಕೆಲಸ ಹಿಡಿದಾಗ ಸಸಿ ನೆಡುವುದರ ಜೊತೆಗೆ ನೀರು, ಆರೋಗ್ಯ, ಹೆಂಗಸರಿಗೆ ಸಣ್ಣ ಸಾಲ ಎಂದು ಜನರ ಕಷ್ಟವನ್ನೂ ಕೇಳಿತು. ಆಮೇಲೆ ಹಳ್ಳಿಯವರೇ ಕಾಡಿಗೆಂದು ಜಾಗ ಬಿಟ್ಟರು. ನೀನೂ ಉಪ್ಪಾಗೆ ಕೊಯ್ಯುವವರ ಜೊತೆ ಒಂದಿಷ್ಟು ಕೂತು ಮಾತನಾಡು. ಸಿಂಗಳೀಕಕ್ಕೂ ಅದೇ ಹಣ್ಣು ಬೇಕು, ಅವರಿಗೂ ಅದೇ ಬೇಕು. ಇದನ್ನೆಲ್ಲ ನಿನ್ನ ಮೇಷ್ಟ್ರು ಹೇಳಿಯೇ ಇರುತ್ತಾರೆ, ನನ್ನದೊಂದು ಅಧಿಕಪ್ರಸಂಗ.

ಇನ್ನೊಂದು. 1975ರಲ್ಲಿ ಬಂದೂಕುಧಾರಿಗಳು ಗೊಂಬೆಯಿಂದ ನಾಲ್ವರನ್ನು ಅಪಹರಿಸಿದ ಮೇಲೆ ಹೊರದೇಶದ ವಿದ್ಯಾರ್ಥಿಗಳು ಅಲ್ಲಿಂದ ಹೊರಟರು. ಚಿಂಪಾಂಜಿಗಳ ದಿನಚರಿ ಬರೆದಿಡುವುದು ನಿಲ್ಲಲಿಲ್ಲ. ತಾಂಜಾನಿಯಾದ ಸ್ಥಳೀಯ ಸಹಾಯಕರು ಬರೆಯುತ್ತ ಹೋದರು. ಗುಡಾಲ್ 2025ರ ಅಕ್ಟೋಬರ್‌ನಲ್ಲಿ, 91ನೇ ವಯಸ್ಸಿನಲ್ಲಿ, ಭಾಷಣದ ಪ್ರವಾಸದಲ್ಲೇ ತೀರಿಕೊಂಡರು. ಅಲ್ಲಿ ಬರೆಯುವುದು ಇನ್ನೂ ನಡೆದಿದೆ. ನೀನು ಎಲ್ಲವನ್ನೂ ಒಬ್ಬಳೇ ಅರಿತು ಮುಗಿಸಬೇಕೆಂದು ಯಾರು ಹೇಳಿದರು?

ಉಂಬಳಕ್ಕೆ ಕಾಲುಚೀಲದ ಮೇಲೆ ತಂಬಾಕಿನ ಪುಡಿ ಸವರಿಕೋ. ಒಬ್ಬಳೇ ಕಾಡು ತಿರುಗಬೇಡ. ಗುಡಾಲ್‌ಗೂ ಒಬ್ಬರೇ ಹೋಗಲು ಅಧಿಕಾರಿಗಳು ಬಿಡಲಿಲ್ಲ, ತಾಯಿ ಜೊತೆಗೆ ಹೋದರು. ಆ ತಾಯಿ ದಂಡೆಯಲ್ಲಿ ಮೀನುಗಾರರಿಗೆ ಔಷಧಿ ಕೊಡುತ್ತ ಕೂತಿದ್ದರಂತೆ. ನಿನ್ನ ಅಮ್ಮನಿಗೆ ರಜೆ ಸಿಗುವುದಿಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ ನಾನೇ ಬಂದಿರಲೇ? ಗುಡ್ಡ ಹತ್ತಲಾರೆ, ಹೊತ್ತಿಗೆ ಸರಿಯಾಗಿ ಗಂಜಿ ಮಾಡಿಡಬಲ್ಲೆ. ಯೋಚಿಸಿ ಬರೆ.

ಇಂತಿ,
ನಿನ್ನ ದೊಡ್ಡಮ್ಮ