ಫ್ರೀ ಇನ್ಶೂರೆನ್ಸ್ ಕಾರ್ಡ್ ನಿಲ್ಲಿಸ್ತಿದೀವಿ, ಯಾಕೆ ಅಂದ್ರೆ

ನಮ್ಮ ಅಂಗಡಿಗೆ ಬರೋ ಅಕ್ಕಂದಿರಿಗೆ, ಅಣ್ಣಂದಿರಿಗೆ ನಮಸ್ಕಾರ.

ಈ ಯುಗಾದಿಯಿಂದ ನಮ್ಮ ತುಮಕೂರು ಚಿಕ್ಕಪೇಟೆ ಅಂಗಡೀಲಿ ಒಡವೆ ಜೊತೆ ಕೊಡ್ತಿದ್ದ ಒಂದು ವರ್ಷದ ಫ್ರೀ ಇನ್ಶೂರೆನ್ಸ್ ಕಾರ್ಡ್ ಇರಲ್ಲ. ಅದಕ್ಕೆ ನಾವು ಕಟ್ತಿದ್ದ ಪ್ರೀಮಿಯಂ ದುಡ್ಡನ್ನ ನಿಮ್ಮ ಮಜೂರೀಲಿ ಇಳಿಸ್ತೀವಿ. ಈಗಾಗ್ಲೇ ಕಾರ್ಡ್ ಇರೋರದ್ದು ಅದರ ಮೇಲಿರೋ ತಾರೀಖಿನ ತನಕ ನಡಿಯುತ್ತೆ.

ಹೋದ ವರ್ಷ ಗುಬ್ಬಿ ಕಡೆಯ ಹಳೇ ಗಿರಾಕಿ ಒಬ್ರು ತಂಗಿ ಮಗಳ ಮದ್ವೇಗೆ 18 ಗ್ರಾಂ ಓಲೆ ಜುಮುಕಿ ಮಾಡಿಸಿದ್ರು, ಸೋದರಮಾವನ ಮುಯ್ಯಿ ಅಲ್ವಾ, ಕೆಂಪು ಕಲ್ಲು ಒಂದೊಂದೂ ತಾವೇ ಕೂತು ಆರಿಸಿದ್ರು. ಹುಡುಗೀನ ಕೊಟ್ಟಿದ್ದು ತಿಪಟೂರಿಗೆ, ಶಿವರಾತ್ರೀಲಿ ಮನೆಮಂದಿ ಎಲ್ಲ ಸಿದ್ಧಗಂಗೆ ಜಾತ್ರೆಗೆ ಬಂದಿದ್ದಾಗ ಕಳ್ರು ಬೀರು ಮೀಟಿದ್ರು. ಎಫ್‌ಐಆರ್ ಆಯ್ತು, ಸೋದರಮಾವ ಕಾರ್ಡ್ ಹಿಡ್ಕೊಂಡು ಬಂದ್ರು, ಕ್ಲೇಮ್ ಫಾರಂ ನಾವೇ ತುಂಬಿ ಕಳಿಸಿದ್ವಿ, ಕಂಪನಿಯವರು ಆಗಲ್ಲ ಅಂದ್ಬಿಟ್ರು. ಕಾರ್ಡ್ ಕೊಂಡೋರ ಹೆಸರಲ್ಲಿದೆ, ಒಡವೆ ಬೇರೆಯವರ ಮನೇಲಿತ್ತು, ಕೊಟ್ಟ ಮೇಲೆ ಅದು ಅವರದ್ದಲ್ಲ ಅಂತ. ಷರತ್ತಿನಲ್ಲಿ ಹಾಗೇ ಬರ್ದಿತ್ತು, ನಾವು ಓದಿ ಹೇಳ್ಬೇಕಿತ್ತು, ಹೇಳಿರ್ಲಿಲ್ಲ, ತಪ್ಪು ನಮ್ಮದೇ. ಅವರು ಒಂದು ಮಾತೂ ಬೈಲಿಲ್ಲ, ಕಳ್ರು ಬಿಟ್ಟೋಗಿದ್ದ ಖಾಲಿ ಡಬ್ಬೀನ ಕೈಲಿ ಹಿಡ್ಕೊಂಡು ಎದ್ದು ಹೋದ್ರು. ಜುಮುಕಿ ಮತ್ತೆ ಮಾಡಿಸೋವಾಗ ಮಜೂರಿ ಬೇಡ ಅಂದಿದೀವಿ, ಅದು ಸಾಲದು ಅಂತ ಗೊತ್ತು.

ನಮ್ಮಲ್ಲಿ ಅರ್ಧಕ್ಕರ್ಧ ಜನ ಕೊಳ್ಳೋದೇ ಮುಯ್ಯಿಗೆ, ಅಂಥೋರಿಗೆ ಈ ಕಾರ್ಡ್ ಕೊಟ್ಟು ಧೈರ್ಯವಾಗಿರಿ ಅನ್ನೋಕೆ ನಮಗೆ ಮನಸ್ಸು ಬರ್ತಿಲ್ಲ. ಇನ್ಮೇಲೆ ಬಿಲ್ ಮಾಡ್ಸೋವಾಗ್ಲೇ ಯಾರಿಗೆ ಕೊಡ್ತೀರ ಅಂತ ಹೇಳಿ. ಬಿಲ್ ದುಡ್ಡು ಕೊಟ್ಟೋರ ಹೆಸರಲ್ಲೇ ಇರುತ್ತೆ, ಜೊತೆಗೆ ಇನ್ನೊಂದು ಹಾಳೆ ಕೊಡ್ತೀವಿ, ಯಾರು ಯಾರಿಗೆ ಯಾವಾಗ ಕೊಟ್ರು, ಬಂಗಾರದ ತೂಕ ಎಷ್ಟು, ಕಲ್ಲಿನ ತೂಕ ಎಷ್ಟು, ಹಿಂದೆ ಮುಂದೆ ಫೋಟೋ, ಆಮೇಲೆ ಎಚ್‌ಯುಐಡಿ, ಅಂದ್ರೆ ಆ ಒಡವೆಯ ಗುರುತಿನ ನಂಬರ್. ಜುಮುಕಿ ಹಿಂದುಗಡೆ ಲೆನ್ಸ್ ಇಟ್ಟು ನೋಡಿದ್ರೆ ಅಕ್ಷರ, ಅಂಕಿ ಸೇರಿ 6 ಕಾಣುತ್ತಲ್ಲ ಅದೇ, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಅದಿಲ್ದೆ ಮಾರೋ ಹಾಗಿಲ್ಲ, ಹಾಲ್‌ಮಾರ್ಕ್ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಬಿಐಎಸ್‌ನ ಕೇರ್ ಆ್ಯಪಲ್ಲಿ ಹಾಕಿ ನೀವೇ ಚೆಕ್ ಮಾಡ್ಬೋದು. ಈ ಹಾಳೇನ ಮುಯ್ಯಿ ಜೊತೆ ಹುಡುಗಿ ಕೈಗೇ ಕೊಡಿ, ನಿಮ್ಮ ಬೀರುವಲ್ಲಿ ಇಟ್ಕೊಂಡ್ರೆ ಉಪಯೋಗ ಇಲ್ಲ.

ಇನ್ಶೂರೆನ್ಸ್ ಬೇಡ ಅಂತ ಹೇಳ್ತಿಲ್ಲ, ಒಡವೆ ಯಾರ ಮನೇಲಿರುತ್ತೋ ಅವರ ಹೆಸರಲ್ಲೇ ಮಾಡ್ಸಿ ಅಂತಿದೀವಿ. 2021ರಿಂದ ಭಾರತ್ ಗೃಹ ರಕ್ಷಾ ಅಂತ ಮನೆ ಪಾಲಿಸಿ ಇದೆ, ಆದ್ರೆ ಅದರಲ್ಲಿ ಒಡವೆ ತಾನಾಗೇ ಸೇರಲ್ಲ, ಕೇಳಿ ಸೇರಿಸ್ಬೇಕು, ಮಾಮೂಲಿ ಮನೆಗಳ್ಳತನಕ್ಕೂ ಬೇರೆ ಕವರ್ ಕೇಳ್ಬೇಕು, ಅದು ಮುಖ್ಯವಾಗಿ ಬೆಂಕಿ, ನೆರೆ ಥರದ ಅನಾಹುತದ ಪಾಲಿಸಿ. ಲಾಕರಲ್ಲಿದೆ ಬಿಡಿ ಅನ್ನೋರೂ ಕೇಳಿ, ಅಲ್ಲಿ ಕಳ್ಳತನ ಆದ್ರೆ, ಬೆಂಕಿ ಬಿದ್ರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು ತನಕ ಅಷ್ಟೇ, ಬಾಡಿಗೆ 2,000 ಇದ್ರೆ ಹೆಚ್ಚಂದ್ರೆ 2 ಲಕ್ಷ, ಒಳಗೆ ಎಷ್ಟೇ ಇರ್ಲಿ.

ಹಳೇ ಒಡವೆಗೂ ಹಾಳೆ ಬೇಕು ಅಂದ್ರೆ ತನ್ನಿ, ಅಮ್ಮನ ಕಾಲದ್ದಾದ್ರೂ ಸರಿ, ಬೇರೆ ಅಂಗಡೀದಾದ್ರೂ ಸರಿ, ನಿಮ್ಮೆದುರೇ ತೂಕ ಹಾಕಿ ಫೋಟೋ ತೆಗ್ದು ಬರ್ಕೊಡ್ತೀವಿ, ದುಡ್ಡು ಬೇಡ. ಮಧ್ಯಾಹ್ನ 3ರ ಮೇಲೆ ಬಂದ್ರೆ ರಶ್ ಕಡಿಮೆ ಇರುತ್ತೆ, ನಿಧಾನವಾಗಿ ಕೂತು ನೋಡ್ಬೋದು.

ನಿಮ್ಮ ಅಂಗಡಿಯವರು